ಮುಷ್ಕರದ ನೋಟಿಸ್ ಕಾರ್ಖಾನೆಯಲ್ಲಿ, ಹೊಸ ಗಾಡಿಗೆ ಕಾಯುವವರು ಕರಾವಳಿಯಲ್ಲಿ

ಆಟಿ ತಿಂಗಳಲ್ಲಿ ಹೊಸ ಗಾಡಿ ಮನೆಗೆ ತರುವವರು ನಮ್ಮ ಕರಾವಳಿಯಲ್ಲಿ ಕಡಿಮೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮಂಗಳೂರು, ಉಡುಪಿಯ ಶೋರೂಮುಗಳಲ್ಲಿ ವಿಚಾರಣೆ ನಡೆಯುತ್ತದೆ, ಬುಕ್ಕಿಂಗೂ ಆಗುತ್ತದೆ. ಡೆಲಿವರಿ ಮಾತ್ರ ಆಟಿ ಕಳೆದ ಮೇಲೆ ಎನ್ನುತ್ತಾರೆ. ಆಮೇಲೆ ಎಲ್ಲರಿಗೂ ಬೇಕಾಗುವುದು ಅದೇ ಕೆಲವು ದಿನ: ಚೌತಿ, ಆಯುಧ ಪೂಜೆ, ವಿಜಯದಶಮಿ, ದೀಪಾವಳಿ. ಗಾಡಿಯನ್ನು ಕಟೀಲಿಗೋ ಕದ್ರಿಗೋ ಉಡುಪಿ ಮಠದ ಮುಂದಕ್ಕೋ ಕೊಂಡುಹೋಗಿ ಪೂಜೆ ಮಾಡಿಸಿಯೇ ರಸ್ತೆಗೆ ಇಳಿಸಬೇಕು. ಗಲ್ಫಿನಿಂದ ಒಂದು ತಿಂಗಳ ರಜೆಯಲ್ಲಿ ಬರುವವರು ಆ ರಜೆಗೆ ಹೊಂದಿಸಿ ಎಷ್ಟೋ ಮುಂಚೆಯೇ ದುಡ್ಡು ಕಟ್ಟಿರುತ್ತಾರೆ. ಈ ಹೊತ್ತಿಗೆ ಎಲ್ಲೋ ಒಂದು ವಾಹನ ಕಾರ್ಖಾನೆಯಲ್ಲಿ ಕಾರ್ಮಿಕ ಸಂಘ ಮುಷ್ಕರಕ್ಕೆ ಸಜ್ಜಾಗಿದೆ ಎಂಬ ಸುದ್ದಿ ಬಂದರೆ ಶೋರೂಮಿನ ಫೋನಿಗೆ ಬಿಡುವಿಲ್ಲ. ಎಲ್ಲರ ಪ್ರಶ್ನೆ ಒಂದೇ: ನನ್ನ ಗಾಡಿ ಯಾವಾಗ ಬರುತ್ತದೆ?

ಮುಷ್ಕರ ಎಷ್ಟು ದಿನ ನಡೆಯುತ್ತದೆ ಎಂಬುದು ಈ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ. ನಿಮ್ಮ ಗಾಡಿ ಯಾವ ಕಾರ್ಖಾನೆಯದು, ಸರತಿಯಲ್ಲಿ ಎಲ್ಲಿಯವರೆಗೆ ಬಂದಿದೆ, ನೀವು ಸಹಿ ಹಾಕಿದ ಬುಕ್ಕಿಂಗ್ ಫಾರ್ಮಿನಲ್ಲಿ ಏನಿದೆ ಎಂಬುದರಲ್ಲಿ ಉಳಿದರ್ಧ ಇದೆ. ಕಾಯುವಿಕೆಯ ಖರ್ಚು ಯಾರ ತಲೆಗೆ ಬೀಳಬೇಕು ಎಂದು ತೀರ್ಮಾನವಾಗುವುದೂ ಆ ಫಾರ್ಮಿನಲ್ಲೇ. ಈಗಿರುವ ರೂಢಿಯಲ್ಲಿ ಅದು ಹೆಚ್ಚಿನಂಶ ಗ್ರಾಹಕನ ತಲೆಗೇ ಬೀಳುತ್ತಿದೆ. ಇದು ಸರಿಯಲ್ಲ ಎಂದು ಹೇಳಬೇಕಾಗಿದೆ.

ಮೊದಲು ಸರತಿಯನ್ನು ನೋಡೋಣ. ಬುಕ್ಕಿಂಗ್ ದುಡ್ಡು ಕಟ್ಟಿದ ದಿನವೇ ನಿಮ್ಮ ಹೆಸರಿಗೆ ಒಂದು ಗಾಡಿ ತಯಾರಾಗತೊಡಗುತ್ತದೆ ಎಂದು ಹಲವರು ತಿಳಿದಿರುತ್ತಾರೆ. ಸಾಮಾನ್ಯವಾಗಿ ಹಾಗಿಲ್ಲ. ಡೀಲರ್ ತನಗೆ ಯಾವ ವೇರಿಯಂಟ್, ಯಾವ ಬಣ್ಣದ್ದು ಎಷ್ಟು ಬೇಕು ಎಂದು ಕಂಪನಿಗೆ ಆರ್ಡರ್ ಹಾಕುತ್ತಾನೆ. ಕಂಪನಿ ಅದರಲ್ಲಿ ಇಂತಿಷ್ಟು ಎಂದು ಹಂಚುತ್ತದೆ. ಗಾಡಿ ತಯಾರಾಗಿ ಡೀಲರ್ ಹೆಸರಿಗೆ ಬಿಲ್ ಆಗುತ್ತದೆ, ಟ್ರೈಲರ್ ಏರುತ್ತದೆ, ಇಲ್ಲಿನ ಯಾರ್ಡಿಗೆ ಬರುತ್ತದೆ, ತಪಾಸಣೆ ಆಗುತ್ತದೆ. ಆಮೇಲೆ ನಿಮ್ಮ ಹೆಸರಿಗೆ ಇನ್‌ವಾಯ್ಸ್, ಇನ್ಶೂರೆನ್ಸ್, ರಿಜಿಸ್ಟ್ರೇಷನ್. ಈ ದಾರಿಯಲ್ಲಿ ಗಟ್ಟಿ ಗುರುತು ಎಂದರೆ ಚಾಸಿ ನಂಬರ್, ಅಂದರೆ ಪ್ರತಿ ಗಾಡಿಗೂ ಕಾರ್ಖಾನೆಯಲ್ಲೇ ಬೀಳುವ ಅದರದೇ ಸಂಖ್ಯೆ. ನಿಮ್ಮ ಬುಕ್ಕಿಂಗಿಗೆ ಒಂದು ಚಾಸಿ ನಂಬರ್ ಜೋಡಣೆಯಾಗಿ ಆ ಗಾಡಿ ಕಾರ್ಖಾನೆಯ ಗೇಟು ದಾಟಿದ್ದರೆ, ನಾಳೆಯೇ ಮುಷ್ಕರ ಶುರುವಾದರೂ ನಿಮಗೆ ತೊಂದರೆಯಿಲ್ಲ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಟ್ರೈಲರ್ ಸಕಲೇಶಪುರದಲ್ಲಿ ನಿಂತರೆ ಆಗುವ ತಡವೇ ನಿಮಗೆ ದೊಡ್ಡದು. ಚಾಸಿ ನಂಬರ್ ಇನ್ನೂ ಬಂದಿಲ್ಲವಾದರೆ ನೀವಿರುವುದು ಒಂದು ಪಟ್ಟಿಯಲ್ಲಿ ಮಾತ್ರ. ‘ಗಾಡಿ ಬರ್ತಾ ಉಂಟು’ ಎಂಬ ಫೋನ್ ಮಾತಿಗಿಂತ ಆ ಸಂಖ್ಯೆಯನ್ನು ಬರಹದಲ್ಲಿ ಕೇಳಿ ಪಡೆಯುವುದು ಒಳ್ಳೆಯದು.

ಎರಡನೆಯದು ಕಾರ್ಖಾನೆ. ಗಾಡಿಯ ಮುಂದಿರುವ ಲಾಂಛನ ನೋಡಿ ಅದು ಎಲ್ಲಿ ತಯಾರಾಯಿತು ಎಂದು ಹೇಳಲಾಗದು. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ 2020ರ ನವೆಂಬರಿನಲ್ಲಿ ಬಂದ್ ಆದಾಗ ತೊಡಕಾದದ್ದು ಅಲ್ಲೇ ತಯಾರಾಗುವ ಇನ್ನೋವಾ ಕ್ರಿಸ್ಟಾ, ಫಾರ್ಚೂನರ್ ಬೇಕಾದವರಿಗೆ. ಅದೇ ಶೋರೂಮಿನಲ್ಲಿ ಮಾರುತ್ತಿದ್ದ ಗ್ಲಾಂಜಾ, ಅರ್ಬನ್ ಕ್ರೂಸರ್ ಆಗ ಬರುತ್ತಿದ್ದುದು ಮಾರುತಿ ಸುಜುಕಿಯಿಂದ. 2022ರಲ್ಲಿ ಇದು ತಿರುಗುಮುರುಗಾಯಿತು: ಮಾರುತಿಯ ಗ್ರ್ಯಾಂಡ್ ವಿಟಾರಾ ಬಿಡದಿಯಲ್ಲಿ ತಯಾರಾಗತೊಡಗಿತು. ಆದ್ದರಿಂದ ಬಿಡದಿಯಲ್ಲಿ ಕೆಲಸ ನಿಂತರೆ ಮಾರುತಿ ಶೋರೂಮಿನಲ್ಲಿ ದುಡ್ಡು ಕಟ್ಟಿದವರೂ ಕಿವಿ ನಿಮಿರಿಸಬೇಕಾಗುತ್ತದೆ.

ಒಂದೇ ಮಾದರಿ ಎರಡು ಕಡೆ ತಯಾರಾಗುತ್ತದೆಯೇ ಎಂಬುದೂ ಮುಖ್ಯ. 2013ರಲ್ಲಿ ಪುಣೆ ಹತ್ತಿರದ ಚಾಕಣ್‌ನ ಬಜಾಜ್ ಆಟೋ ಕಾರ್ಖಾನೆಯಲ್ಲಿ 50 ದಿನ ಮುಷ್ಕರ ನಡೆಯಿತು. ಪ್ರತಿ ಕಾರ್ಮಿಕನಿಗೂ ಷೇರಿಗೆ ಒಂದು ರೂಪಾಯಿಯಂತೆ ಕಂಪನಿಯ 500 ಷೇರು ಕೊಡಬೇಕು ಎಂಬುದು ಕಾರ್ಮಿಕರ ಬೇಡಿಕೆಗಳಲ್ಲಿ ಒಂದಾಗಿತ್ತು. ಕಂಪನಿ ಅದಕ್ಕೆ ಒಪ್ಪಲಿಲ್ಲ. ತಯಾರಿಕೆಯ ಒಂದು ಪಾಲನ್ನು ಔರಂಗಾಬಾದಿನ ಕಡೆಗೆ ತಿರುಗಿಸುವ ಅವಕಾಶ ಅದಕ್ಕಿತ್ತು. ಹೀಗೆ ಕೆಲಸ ಹಂಚಬಲ್ಲ ಕಂಪನಿಯ ಗ್ರಾಹಕನಿಗೆ ಬಿಸಿ ಕಡಿಮೆ ತಟ್ಟುತ್ತದೆ, ಕಾರ್ಮಿಕನ ಮುಷ್ಕರಕ್ಕೆ ಬಲವೂ ಅಷ್ಟೇ ಕಡಿಮೆಯಾಗುತ್ತದೆ. ಒಂದೇ ಕಾರ್ಖಾನೆಯನ್ನು ನಂಬಿದ ಮಾದರಿಯಾದರೆ ಇಬ್ಬರ ಲೆಕ್ಕವೂ ಬೇರೆ.

ಬಿಡದಿಯ ಪ್ರಕರಣವನ್ನು ಇನ್ನೂ ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ನಮಗೆ ಹತ್ತಿರದ್ದು ಅದೇ. ಕೆಲಸದ ಹೊರೆ ಹೆಚ್ಚಾಗಿದೆ ಎಂಬ ಅಸಮಾಧಾನ ಅಲ್ಲಿ ಮೊದಲೇ ಇತ್ತು. 2020ರ ನವೆಂಬರ್ 9ರಂದು ಒಬ್ಬ ಕಾರ್ಮಿಕ ಮುಖಂಡರನ್ನು ಅಮಾನತು ಮಾಡಿದ್ದಕ್ಕೆ ಕಾರ್ಮಿಕರು ಕಾರ್ಖಾನೆಯೊಳಗೇ ಧರಣಿ ಕುಳಿತರು. ಮರುದಿನ ಕಂಪನಿ ಲಾಕ್‌ಔಟ್ ಸಾರಿತು, ಅಂದರೆ ಕಾರ್ಮಿಕರು ಒಳಗೆ ಬಾರದಂತೆ ತಾನೇ ಬೀಗ ಹಾಕಿತು. ರಾಜ್ಯ ಸರ್ಕಾರ ಮುಷ್ಕರ, ಲಾಕ್‌ಔಟ್ ಎರಡನ್ನೂ ನಿಷೇಧಿಸಿ ಆದೇಶ ಹೊರಡಿಸಿದ ಮೇಲೆ ಗೇಟು ತೆರೆಯಿತು. ನವೆಂಬರ್ 23ಕ್ಕೆ ಮತ್ತೆ ಮುಚ್ಚಿತು. ಅದರ ಮರುದಿನವೇ, ನವೆಂಬರ್ 24ರಂದು, ಹೊಸ ರೂಪದ ಇನ್ನೋವಾ ಕ್ರಿಸ್ಟಾ ಮಾರುಕಟ್ಟೆಗೆ ಬಿಡುಗಡೆಯಾಯಿತು. 3,000ಕ್ಕೂ ಹೆಚ್ಚು ಕಾರ್ಮಿಕರು ಗೇಟಿನ ಹೊರಗೆ, ಹೊಸ ಮಾದರಿಯ ಜಾಹೀರಾತು ಪತ್ರಿಕೆಯಲ್ಲಿ, ಬುಕ್ಕಿಂಗ್ ಶೋರೂಮಿನಲ್ಲಿ. ಲಾಕ್‌ಔಟ್ ತೆರವಾದದ್ದು 2021ರ ಜನವರಿ 12ರಂದು. ಮುಚ್ಚಳಿಕೆ ಬರೆದುಕೊಟ್ಟು ಒಳಗೆ ಬನ್ನಿ ಎಂಬ ಷರತ್ತನ್ನು ಒಪ್ಪದ ಹಲವರು ಆಮೇಲೂ ಹೊರಗೇ ಉಳಿದರು.

ಈ ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿ. ಎರಡು ತಿಂಗಳ ಆ ಬಿಕ್ಕಟ್ಟಿನಲ್ಲಿ ಹೆಚ್ಚಿನ ದಿನ ಗೇಟು ಮುಚ್ಚಿದ್ದು ಕಂಪನಿಯ ಲಾಕ್‌ಔಟ್‌ನಿಂದ. 2012ರ ಜುಲೈ 18ರಂದು ಹರಿಯಾಣದ ಮಾನೇಸರ್‌ನ ಮಾರುತಿ ಕಾರ್ಖಾನೆಯಲ್ಲಿ ಹಿಂಸಾಚಾರವಾಗಿ ಒಬ್ಬ ಅಧಿಕಾರಿ ಪ್ರಾಣ ಕಳೆದುಕೊಂಡರು. ಕ್ಷಮಿಸಲಾಗದ ಕೃತ್ಯ ಅದು. ಅದಾದ ಮೇಲೆ ಅಲ್ಲಿ ಒಂದು ತಿಂಗಳು ಕೆಲಸ ನಿಂತದ್ದೂ ಲಾಕ್‌ಔಟ್‌ನಲ್ಲೇ. ಸ್ವಿಫ್ಟ್, ಡಿಜೈರ್‌ಗೆ ದೇಶದಾದ್ಯಂತ ತಿಂಗಳುಗಟ್ಟಲೆ ಕಾಯುತ್ತಿದ್ದವರ ಬಾಯಲ್ಲಿ ಮಾತ್ರ ಎಲ್ಲವೂ ‘ಸ್ಟ್ರೈಕ್’ ಆಯಿತು. ಗಾಡಿ ಬಾರದ ಸಿಟ್ಟೆಲ್ಲ ಕಾರ್ಮಿಕನ ಮೇಲೆ ತಿರುಗುವುದು ಹೀಗೆ. ಕಂಪನಿ ತಾನೇ ಬೀಗ ಹಾಕಿದ ದಿನಗಳನ್ನೂ ನಾವು ಕಾರ್ಮಿಕನ ಲೆಕ್ಕಕ್ಕೆ ಬರೆಯುತ್ತೇವೆ.

ಗೇಟು ತೆರೆದ ಮಾತ್ರಕ್ಕೆ ಸರತಿ ಕರಗುವುದೂ ಇಲ್ಲ. 2012ರ ಆಗಸ್ಟ್ 21ರಂದು ಮಾನೇಸರ್ ಮತ್ತೆ ಶುರುವಾದಾಗ ಕೆಲಸಕ್ಕಿದ್ದವರು ಸುಮಾರು 300 ಮಂದಿ, ದಿನಕ್ಕೆ ಹೊರಬಿದ್ದ ಕಾರು ಸುಮಾರು 150. ಐನೂರಕ್ಕೂ ಹೆಚ್ಚು ಕಾಯಂ ನೌಕರರನ್ನು ವಜಾ ಮಾಡಲಾಗಿತ್ತು. ಹೊಸಬರು ಬರಬೇಕು, ಕಲಿಯಬೇಕು, ಲೈನು ಹಳೆಯ ವೇಗಕ್ಕೆ ಮರಳಬೇಕು. ಆದ್ದರಿಂದ ‘ಮುಷ್ಕರ ಮುಗಿಯಿತು, ಮುಂದಿನ ವಾರ ನಿಮ್ಮ ಗಾಡಿ’ ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಿ ಪುರೋಹಿತರ ಹತ್ತಿರ ಮುಹೂರ್ತ ಕೇಳಬೇಡಿ. ನಿಂತದ್ದು ಒಂದು ತಿಂಗಳಾದರೆ ಅದರ ಪರಿಣಾಮ ಹಲವು ತಿಂಗಳು ಎಳೆಯುತ್ತದೆ.

ಇನ್ನು ಬಿಡಿಭಾಗ. ಒಂದು ಕಾರಿಗೆ ಬೇಕಾದ ಸಾವಿರಾರು ಭಾಗಗಳನ್ನು ಕಾರ್ಖಾನೆಗಳು ರಾಶಿ ಹಾಕಿಟ್ಟುಕೊಳ್ಳುವುದಿಲ್ಲ, ಬೇಕಾದ ಹೊತ್ತಿಗೆ ಬೇಕಾದಷ್ಟೇ ತರಿಸಿಕೊಳ್ಳುತ್ತವೆ. 2009ರಲ್ಲಿ ಗುರ್‌ಗಾಂವ್‌ನ ರಿಕೋ ಆಟೋ ಎಂಬ ಬಿಡಿಭಾಗ ಕಾರ್ಖಾನೆಯ ಬಿಕ್ಕಟ್ಟಿನಿಂದ ಅಮೆರಿಕದ ಜನರಲ್ ಮೋಟಾರ್ಸ್, ಕೆನಡಾದ ಫೋರ್ಡ್ ಜೋಡಣಾ ಘಟಕಗಳೇ ಕೆಲಸ ನಿಲ್ಲಿಸಬೇಕಾಯಿತು. ಕಾರು ಕಂಪನಿಯಲ್ಲಿ ಎಲ್ಲ ಸರಿಯಿದ್ದೂ ಗಾಡಿ ತಡವಾಗಬಹುದು ಎಂದರ್ಥ. ಇನ್ನೂ ಒಂದು ಸತ್ಯವಿದೆ: ಇತ್ತೀಚಿನ ವರ್ಷಗಳ ದೊಡ್ಡ ಕಾಯುವಿಕೆಗಳಿಗೆ ಮುಷ್ಕರ ಕಾರಣವೇ ಅಲ್ಲ. 2021-22ರಲ್ಲಿ ಚಿಪ್ ಕೊರತೆಯಿಂದ ಮಹೀಂದ್ರಾ ಎಕ್ಸ್‌ಯುವಿ 700ರ ಕೆಲವು ವೇರಿಯಂಟ್‌ಗಳಿಗೆ ವರ್ಷ ದಾಟಿ ಕಾಯಬೇಕಾಯಿತು. ಇನ್ನೋವಾ ಹೈಕ್ರಾಸ್‌ನ ದುಬಾರಿ ಹೈಬ್ರಿಡ್ ಮಾದರಿಗಳ ಬುಕ್ಕಿಂಗನ್ನು 2023ರ ಏಪ್ರಿಲಿನಲ್ಲಿ ಕಂಪನಿಯೇ ನಿಲ್ಲಿಸಿತು. ಆಗ ಯಾವ ಕಾರ್ಮಿಕನೂ ಬಾವುಟ ಹಿಡಿದಿರಲಿಲ್ಲ.

ಅಮೆರಿಕದ ಉದಾಹರಣೆಯನ್ನು ಇಲ್ಲಿಗೆ ಹಾಗೆಯೇ ತಂದು ಹಚ್ಚುವವರಿದ್ದಾರೆ. 2023ರ ಸೆಪ್ಟೆಂಬರ್ 15ರಂದು ಅಲ್ಲಿನ ವಾಹನ ಕಾರ್ಮಿಕರ ಸಂಘ ಯುಎಡಬ್ಲ್ಯು, ಫೋರ್ಡ್, ಜನರಲ್ ಮೋಟಾರ್ಸ್, ಸ್ಟೆಲಾಂಟಿಸ್ ಮೂರರ ಮೇಲೂ ಒಟ್ಟಿಗೆ ಮುಷ್ಕರ ಹೂಡಿತು. ಹೀಗೆ ಮೂರನ್ನೂ ಒಮ್ಮೆಗೇ ಹಿಡಿದದ್ದು ಅದೇ ಮೊದಲು. ಆದರೆ ಮೊದಲ ದಿನ ಕೆಲಸ ನಿಂತದ್ದು ತಲಾ ಒಂದು ಕಾರ್ಖಾನೆಯಲ್ಲಿ ಮಾತ್ರ. ಬೇಡಿಕೆಯಿರುವ ಪಿಕಪ್, ಜೀಪ್ ತಯಾರಾಗುವ ಕಡೆಗಳನ್ನೇ ಆರಿಸಿದ್ದರು. ಆಮೇಲೆ ಒಂದೊಂದಾಗಿ ಸೇರಿಸುತ್ತಾ ಹೋಗಿ ಸುಮಾರು ಆರು ವಾರಗಳಲ್ಲಿ ಒಪ್ಪಂದಕ್ಕೆ ಬಂದರು. 2028ರವರೆಗಿನ ಒಪ್ಪಂದದಲ್ಲಿ ಮೂಲ ವೇತನಕ್ಕೆ ಶೇ 25ರಷ್ಟು ಏರಿಕೆ ಸಿಕ್ಕಿತು. ಅಲ್ಲಿನ ಗ್ರಾಹಕ ಡೀಲರ್ ಅಂಗಳದಲ್ಲಿ ಸಾಲಾಗಿ ನಿಂತ ಗಾಡಿಗಳಲ್ಲಿ ಒಂದನ್ನು ನೋಡಿ ಕೊಳ್ಳುವುದು ರೂಢಿ. ಹಾಗಾಗಿ ಮುಷ್ಕರದ ಮೊದಲ ವಾರಗಳಲ್ಲಿ ಅಂಗಳದ ಗಾಡಿಗಳೇ ಅವನನ್ನು ಕಾಪಾಡುತ್ತವೆ, ನಿರ್ದಿಷ್ಟ ಮಾದರಿಗೆ ಹಟ ಹಿಡಿದವನಿಗಷ್ಟೇ ಬೇಗ ಬಿಸಿ ತಟ್ಟುತ್ತದೆ.

ನಮ್ಮಲ್ಲೂ ಅಂಗಳ ಖಾಲಿಯೇನಲ್ಲ. 2024ರ ಹಬ್ಬದ ಮುಂಚೆ ದೇಶದ ಡೀಲರ್‌ಗಳ ಬಳಿ 80 ದಿನಕ್ಕೂ ಹೆಚ್ಚಿನ ಮಾರಾಟಕ್ಕಾಗುವಷ್ಟು ಕಾರುಗಳು ಬಿದ್ದಿವೆ ಎಂದು ಡೀಲರ್‌ಗಳ ಒಕ್ಕೂಟ ಫಾಡಾವೇ ಹೇಳಿತ್ತು. ಆದರೂ ಅದೇ ಊರಿನಲ್ಲಿ ಅದೇ ವಾರ ಕೆಲವರು ಗಾಡಿಗೆ ಕಾಯುತ್ತಿರುತ್ತಾರೆ. ಇದ್ದದ್ದು ಬೇಡದ ವೇರಿಯಂಟ್, ಬೇಕಾದದ್ದು ಇಲ್ಲ. ಮುಷ್ಕರದ ಸುದ್ದಿ ಬಂದಾಗ ಈ ಅಂತರ ಇನ್ನೂ ಹಿಗ್ಗುತ್ತದೆ: ಜನ ಗಾಬರಿಯಿಂದ ಬುಕ್ ಮಾಡುತ್ತಾರೆ, ಡೀಲರ್ ರಿಯಾಯಿತಿ ಹಿಂದೆಗೆಯುತ್ತಾನೆ, ‘ಈ ಬಣ್ಣ ಆದರೆ ಈಗಲೇ ಉಂಟು’ ಎಂಬ ಒತ್ತಾಯ ಶುರುವಾಗುತ್ತದೆ. ಮುಷ್ಕರ ನಡೆಯದೆ ಹೋದರೂ ಅದರ ಬೆಲೆಯನ್ನು ಗ್ರಾಹಕ ಆಗಲೇ ಕೊಟ್ಟುಬಿಟ್ಟಿರುತ್ತಾನೆ.

ಮನೆಗೆ ಎರಡನೇ ಕಾರು ಕೊಳ್ಳುವವನಿಗೆ ಎರಡು ತಿಂಗಳ ತಡ ಬೇಸರದ ವಿಷಯ, ಅಷ್ಟೆ. ಹಳದಿ ಬೋರ್ಡಿನವರಿಗೆ ಹಾಗಲ್ಲ. ಬಜಪೆ ವಿಮಾನ ನಿಲ್ದಾಣದಿಂದ ಧರ್ಮಸ್ಥಳ, ಸುಬ್ರಹ್ಮಣ್ಯ, ಕೊಲ್ಲೂರು ಎಂದು ಬಾಡಿಗೆ ಓಡಿಸುವ ನನ್ನ ಪರಿಚಯದವರೊಬ್ಬರು ಏಳು ಸೀಟಿನ ಗಾಡಿ ಬುಕ್ ಮಾಡಿದ್ದರು. ಅವರ ಬುಕ್ಕಿಂಗ್ ಫಾರ್ಮನ್ನು ನಾನು ನೋಡಿದೆ. ಮುಂದಿನ ಪುಟದಲ್ಲಿ ಹೆಸರು, ಮಾದರಿ, ಬಣ್ಣ, ಕಟ್ಟಿದ ಮೊತ್ತ. ಹಿಂದಿನ ಪುಟದಲ್ಲಿ ಮಸುಕಾದ ಬೂದು ಬಣ್ಣದ ಸಣ್ಣ ಅಕ್ಷರ, ಪೂರ್ತಿ ಇಂಗ್ಲಿಷ್. ಡೆಲಿವರಿ ದಿನಾಂಕ ಅಂದಾಜು ಮಾತ್ರ. ಬೆಲೆ ಡೆಲಿವರಿ ದಿನ ಇರುವ ಬೆಲೆ. ಪ್ರವಾಹ, ಯುದ್ಧ, ಮುಷ್ಕರ, ಲಾಕ್‌ಔಟ್ ಕಾರಣದಿಂದ ತಡವಾದರೆ ಡೀಲರ್ ಹೊಣೆಯಲ್ಲ. ಅವರ ಸಹಿ ಅದರ ಕೆಳಗೆ. ಓದಿದ್ದಿರಾ ಎಂದು ಕೇಳಿದೆ. “ಅದನ್ನೆಲ್ಲ ಯಾರು ಓದ್ತಾರೆ ಮಾರಾಯ್ರೆ, ಹುಡುಗ ಇಲ್ಲಿ ಸೈನ್ ಹಾಕಿ ಅಂದ, ಹಾಕಿದೆ” ಎಂದರು.

ಅವರ ಖರ್ಚು ಎಲ್ಲೆಲ್ಲಿಂದ ಬರುತ್ತದೆ ನೋಡಿ. ಹಳೆ ಗಾಡಿಯನ್ನು ಎಕ್ಸ್‌ಚೇಂಜಿಗೆ ಕೊಡುವ ಮಾತಾಗಿತ್ತು. ಅದಕ್ಕೆ ಕಟ್ಟಿದ ಬೆಲೆ ಕೆಲವು ವಾರಕ್ಕಷ್ಟೇ ಊರ್ಜಿತ, ಆಮೇಲೆ ಮತ್ತೆ ನೋಡಿ ಕಡಿಮೆ ಹೇಳುತ್ತಾರೆ. ಅದರ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಫಿಟ್‌ನೆಸ್ ಪ್ರಮಾಣಪತ್ರ) ಮುಗಿಯುತ್ತಾ ಬಂದಿದ್ದರೆ ಮಾರಲಿರುವ ಗಾಡಿಗೇ ಟಯರು, ಪೇಂಟು ಎಂದು ದುಡ್ಡು ಸುರಿದು ಮತ್ತೆ ಎಫ್‌ಸಿ ಮಾಡಿಸಬೇಕು. ಬ್ಯಾಂಕಿನ ಸಾಲ ಮಂಜೂರಾತಿಗೂ ಅವಧಿಯಿದೆ. ಅದು ಮುಗಿದರೆ ಕಾಗದಪತ್ರ ಮತ್ತೊಮ್ಮೆ ಕೊಡಬೇಕು, ಬಡ್ಡಿ ಆ ದಿನದ್ದು. ಸಾಲದ ಜೊತೆಗೆ ಕೈಯಿಂದ ಹಾಕಬೇಕಾದ ಮಾರ್ಜಿನ್ ದುಡ್ಡನ್ನು ಸೊಸೈಟಿಯಿಂದ ತಂದಿದ್ದರೆ ಅದರ ಬಡ್ಡಿ ಗಾಡಿ ಬಾರದಿದ್ದರೂ ಓಡುತ್ತಿರುತ್ತದೆ. ಶಬರಿಮಲೆ ಸೀಸನ್ನಿಗೆ, ಡಿಸೆಂಬರ್ ರಜೆಗೆ ಎಂದು ಒಪ್ಪಿಕೊಂಡ ಟ್ರಿಪ್ಪುಗಳನ್ನು ಬೇರೆಯವರಿಗೆ ಬಿಟ್ಟುಕೊಡಬೇಕು. ಇದರಲ್ಲಿ ಒಂದು ರೂಪಾಯಿಯನ್ನೂ ಕಂಪನಿಯಾಗಲಿ ಡೀಲರ್ ಆಗಲಿ ಭರಿಸುವುದಿಲ್ಲ.

ನನಗೆ ಅತಿ ಅನ್ಯಾಯ ಎನಿಸುವುದು ‘ಡೆಲಿವರಿ ದಿನದ ಬೆಲೆ’ ಎಂಬ ಷರತ್ತು. ಜನವರಿಯಲ್ಲಿ ಬೆಲೆ ಏರಿಸುವುದು ವಾಹನ ಕಂಪನಿಗಳ ವಾಡಿಕೆ. ನವೆಂಬರಿನಲ್ಲಿ ಬರಬೇಕಾದ ಗಾಡಿ ಮುಷ್ಕರ ಅಥವಾ ಲಾಕ್‌ಔಟ್‌ನಿಂದ ಜನವರಿ ದಾಟಿದರೆ ಏರಿದ ಬೆಲೆ ಗ್ರಾಹಕನದು. ತಡ ಮಾಡಿದವನಿಗೆ ಹೆಚ್ಚು ದುಡ್ಡು, ಕಾದವನಿಗೆ ಹೆಚ್ಚು ಖರ್ಚು. ಇದೇ ಷರತ್ತು ಗ್ರಾಹಕನಿಗೆ ಲಾಭ ತಂದದ್ದೂ ಇದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಮೇಲಿನ ಸೆಸ್ ಕೂಡ ಹೋಯಿತು. ಅದು ನವರಾತ್ರಿಯ ಮೊದಲ ದಿನ. ಚೌತಿಗೆ ಗಾಡಿ ಸಿಗದೆ ಬೇಸರಪಟ್ಟವರಿಗೆ ತಡವೇ ಉಳಿತಾಯವಾಯಿತು. ಆದರೆ ತೆರಿಗೆ ಇಳಿಸಿದ್ದು ಸರ್ಕಾರ. ತೆರಿಗೆಯ ಏರಿಳಿತ ಡೆಲಿವರಿ ದಿನದ್ದಾಗಿರಲಿ, ಅದಕ್ಕೆ ತಕರಾರಿಲ್ಲ. ಕಂಪನಿ ತಾನೇ ಏರಿಸುವ ಎಕ್ಸ್ ಶೋರೂಂ ಬೆಲೆಯನ್ನು ಮಾತ್ರ, ಮುಷ್ಕರಕ್ಕೆ ಮುಂಚೆ ಬುಕ್ ಮಾಡಿದವರಿಗೆ ಹಳೆಯ ಮಟ್ಟದಲ್ಲೇ ಉಳಿಸಬೇಕು. ಬೇಡಿಕೆ ಚೆನ್ನಾಗಿರುವಾಗ ‘ಬೆಲೆ ರಕ್ಷಣೆ’ ಎಂದು ಜಾಹೀರಾತು ಕೊಡಬಲ್ಲ ಕಂಪನಿಗಳಿಗೆ ಇದು ಆಗದ ಕೆಲಸವೇನಲ್ಲ. ಕಾರ್ಮಿಕರೊಡನೆ ಮಾತುಕತೆ ಮುರಿದುಬಿದ್ದರೆ ಅದರ ಒಂದು ಪಾಲು ಕಂಪನಿಗೂ ತಟ್ಟಬೇಕು. ತಟ್ಟಿದರೆ ಮಾತುಕತೆ ಬೇಗ ಮುಗಿಸುವ ಆಸಕ್ತಿಯೂ ಹುಟ್ಟುತ್ತದೆ.

ಪ್ರವಾಹ, ಯುದ್ಧದ ಸಾಲಿನಲ್ಲಿ ಮುಷ್ಕರ, ಲಾಕ್‌ಔಟ್‌ಗಳನ್ನು ಸೇರಿಸಿರುವುದೂ ನನಗೆ ಒಪ್ಪಿಗೆಯಿಲ್ಲ. ಫಲ್ಗುಣಿ, ನೇತ್ರಾವತಿ ಉಕ್ಕಿ ಯಾರ್ಡಿಗೆ ನೀರು ನುಗ್ಗಿದರೆ ಯಾರೂ ಏನೂ ಮಾಡುವಂತಿಲ್ಲ. ಲಾಕ್‌ಔಟ್ ಕಂಪನಿಯ ಆಡಳಿತ ಮಂಡಳಿ ಕೂತು ತೆಗೆದುಕೊಳ್ಳುವ ತೀರ್ಮಾನ. ಮುಷ್ಕರ ಕೂಡ ಇದ್ದಕ್ಕಿದ್ದಂತೆ ಬೀಳುವುದು ಅಪರೂಪ. ಬೇಡಿಕೆ ಪಟ್ಟಿ, ಮಾತುಕತೆ, ಕಾರ್ಮಿಕ ಇಲಾಖೆಯ ಸಂಧಾನ ಎಂದು ತಿಂಗಳುಗಟ್ಟಲೆ ಮುನ್ಸೂಚನೆ ಇರುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಈಗ ಯಾವ ಕೈಗಾರಿಕೆಯಲ್ಲೂ ನೋಟಿಸ್ ಕೊಟ್ಟು 14 ದಿನ ಕಳೆಯದೆ ಮುಷ್ಕರ ಹೂಡುವಂತಿಲ್ಲ. ಲಾಕ್‌ಔಟ್‌ಗೂ ಇದೇ ನಿಯಮ. ಸಂಧಾನ ನಡೆಯುತ್ತಿರುವಾಗಲೂ ಮುಷ್ಕರ ಮಾಡುವಂತಿಲ್ಲ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಂದೇ ದಿನ ಒಟ್ಟಾಗಿ ರಜೆ ಹಾಕಿದರೆ ಅದೂ ಮುಷ್ಕರವೆಂದೇ ಲೆಕ್ಕ. ಕಾರ್ಮಿಕರ ಕೈ ಕಟ್ಟಿದಂತಾಯಿತು ಎಂದು ಸಂಘಟನೆಗಳು ಇದನ್ನು ವಿರೋಧಿಸುತ್ತಿವೆ, ಆ ಆತಂಕದಲ್ಲಿ ಹುರುಳಿದೆ. ಗಾಡಿಗೆ ಕಾಯುವವನ ಮಟ್ಟಿಗೆ ಹೇಳುವುದಾದರೆ, ಆ 14 ದಿನ ಅವನಿಗೆ ಸಿಗುವ ಸಮಯ: ಚಾಸಿ ನಂಬರ್ ಕೇಳಲು, ಬೇರೆ ಬಣ್ಣಕ್ಕೆ ಒಪ್ಪುವುದೋ ಬೇಡವೋ ತೀರ್ಮಾನಿಸಲು, ಬ್ಯಾಂಕಿನವರ ಹತ್ತಿರ ಮಂಜೂರಾತಿಯ ಅವಧಿ ವಿಸ್ತರಣೆ ಕೇಳಲು.

ಬುಕ್ಕಿಂಗ್ ರದ್ದು ಮಾಡಿ ದುಡ್ಡು ವಾಪಸ್ ಕೇಳುವುದು ಗ್ರಾಹಕನ ಹಕ್ಕಿನ ಮಾತು. ‘ಕ್ಯಾನ್ಸಲ್ ಚಾರ್ಜ್’ ಎಂದು ಮುರಿದುಕೊಂಡರೆ, ಕೊಡದೆ ಸತಾಯಿಸಿದರೆ, ಮೊದಲು ಡೀಲರ್ ಮತ್ತು ಕಂಪನಿ ಇಬ್ಬರಿಗೂ ಇಮೇಲಿನಲ್ಲಿ ಬರೆಯಿರಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ, ಮಂಗಳೂರಿನಲ್ಲೂ ಉಡುಪಿಯಲ್ಲೂ. 50 ಲಕ್ಷ ರೂಪಾಯಿವರೆಗಿನ ವ್ಯವಹಾರ ಅಲ್ಲೇ ನಡೆಯುತ್ತದೆ, ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಟ್ಯಾಕ್ಸಿಯವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು: ‘ನಿಮ್ಮದು ವಾಣಿಜ್ಯ ಗಾಡಿ, ನೀವು ಗ್ರಾಹಕರಲ್ಲ’ ಎಂದು ಯಾರಾದರೂ ಬಾಯಿ ಮುಚ್ಚಿಸಿದರೆ ಒಪ್ಪಬೇಡಿ. ಸ್ವಂತ ದುಡಿಮೆಯಿಂದ ಜೀವನ ಸಾಗಿಸಲೆಂದೇ ಕೊಂಡ ವಸ್ತುವನ್ನು ವಾಣಿಜ್ಯ ಉದ್ದೇಶದ್ದೆಂದು ನೋಡಬಾರದು ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸ್ಪಷ್ಟವಾಗಿ ಬರೆದಿದೆ. ತಾನೇ ಓಡಿಸುವ ಒಂದು ಗಾಡಿಯವರಿಗೆ ಇದು ದೊಡ್ಡ ಆಸರೆ. ಹತ್ತಾರು ಗಾಡಿ ಇಟ್ಟು ವ್ಯವಹಾರ ಮಾಡುವವರಿಗೆ ಈ ರಕ್ಷಣೆ ಸಿಗುವುದು ಕಷ್ಟ.

ಕಾರ್ಮಿಕನ ಕಡೆಯಿಂದಲೂ ಒಂದು ಮಾತು. ಹಂಚಿನ ಕಾರ್ಖಾನೆ, ಬೀಡಿ, ಗೋಡಂಬಿ ಕಾರ್ಮಿಕರ ಹೋರಾಟಗಳನ್ನು ಕಂಡ ಜಿಲ್ಲೆ ನಮ್ಮದು. ಕೂಲಿ ನಿಂತರೆ ಮನೆಯಲ್ಲಿ ಏನಾಗುತ್ತದೆ ಎಂದು ಇಲ್ಲಿನ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಷ್ಕರದ ಪ್ರತಿ ದಿನವೂ ಕಾರ್ಮಿಕನಿಗೆ ಸಂಬಳವಿಲ್ಲದ ದಿನ, ಗುತ್ತಿಗೆಯವನಿಗಂತೂ ಕೆಲಸವೇ ಹೋಗಬಹುದಾದ ದಿನ. ಮಾನೇಸರ್‌ನಲ್ಲಿ 2011ರಿಂದಲೂ ಹೊಗೆಯಾಡುತ್ತಿದ್ದದ್ದು ತಮ್ಮದೇ ಸಂಘ ಕಟ್ಟುವ ಹಕ್ಕು ಮತ್ತು ಗುತ್ತಿಗೆ ಕಾರ್ಮಿಕರ ಪ್ರಶ್ನೆ. ಸುಸ್ತಾದ ಕೈ ಬಿಗಿದ ಬೋಲ್ಟಿನ ಗಾಡಿಯಲ್ಲಿ ನಮ್ಮ ಮಕ್ಕಳು ಕೂರುತ್ತಾರೆ ಎಂಬುದನ್ನು ನೆನೆದರೆ ಲೈನಿನ ವೇಗದ ಬಗ್ಗೆ ಅವರು ಎತ್ತುವ ತಕರಾರು ನಮಗೂ ಸಂಬಂಧಿಸಿದ್ದೇ.

ಕೊನೆಗೆ, ಹೊಸ ಗಾಡಿಯ ಗದ್ದಲದಲ್ಲಿ ಮರೆತುಹೋಗುವ ಇನ್ನೊಂದು ಸರತಿಯಿದೆ: ರಿಪೇರಿಗೆ ನಿಂತ ಗಾಡಿಗಳದ್ದು. 2023ರ ಸೆಪ್ಟೆಂಬರ್ 22ರಂದು ಅಮೆರಿಕದ ಸಂಘ ಮುಷ್ಕರವನ್ನು ಜನರಲ್ ಮೋಟಾರ್ಸ್, ಸ್ಟೆಲಾಂಟಿಸ್‌ನ 38 ಬಿಡಿಭಾಗ ವಿತರಣಾ ಕೇಂದ್ರಗಳಿಗೆ ವಿಸ್ತರಿಸಿತು. ಹೊಸ ಗಾಡಿ ಕೊಳ್ಳದವರಿಗೂ ಆಗ ಬಿಸಿ ತಟ್ಟಿತು. ಬಿಡಿಭಾಗದ ಪೂರೈಕೆ ನಿಂತರೆ ಇಲ್ಲೂ ಹಾಗೆಯೇ. ಪಡುಬಿದ್ರಿಯಲ್ಲೋ ಕುಂದಾಪುರದ ಹತ್ತಿರವೋ ಹೆದ್ದಾರಿಯಲ್ಲಿ ಗುದ್ದಿದ ಗಾಡಿ ಒಂದು ಹೆಡ್‌ಲೈಟ್ ಜೋಡಣೆಗಾಗಿ, ಒಂದು ರೇಡಿಯೇಟರಿಗಾಗಿ ಬಾಡಿ ಶಾಪಿನಲ್ಲಿ ವಾರಗಟ್ಟಲೆ ನಿಲ್ಲುತ್ತದೆ. ಆ ದಿನಗಳ ಬಾಡಿಗೆ ನಷ್ಟವನ್ನು ಸಾಮಾನ್ಯ ವಿಮಾ ಪಾಲಿಸಿ ತುಂಬಿಕೊಡುವುದಿಲ್ಲ. ಹಳೆ ಗಾಡಿಯನ್ನೇ ಇನ್ನೂ ನಾಲ್ಕು ತಿಂಗಳು ಓಡಿಸಿದರಾಯಿತು ಎಂದುಕೊಂಡಿರುವ ಟ್ಯಾಕ್ಸಿಯವರು ಮುಷ್ಕರದ ಸುದ್ದಿ ಬಂದ ವಾರವೇ ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಬೆಲ್ಟುಗಳನ್ನು ನೋಡಿಸಿ ಬೇಕಾದ್ದನ್ನು ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.